ಇಳಿತದ ಹೊತ್ತಿಗೆ ಹೋಗಿ

(ದಾವಣಗೆರೆಯ ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ನವೆಂಬರ್ ತಿಂಗಳ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ಡಿಸೆಂಬರ್ ಪ್ರವಾಸಕ್ಕೆ ಎಲ್ಲಿ ಹೋಗೋಣ ಎಂದು ಹಲವರು ಕೇಳುತ್ತಿದ್ದರು. ಅದಕ್ಕೇ ಈ ವಿಷಯ ಆರಿಸಿಕೊಂಡೆ. ಮಾತಿನ ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಇಲ್ಲಿ ಎಷ್ಟು ಜನ ಸಮುದ್ರ ನೋಡಿದ್ದೀರಿ? ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದೀರಿ. ಮುರ್ಡೇಶ್ವರ, ಗೋಕರ್ಣ, ಮಲ್ಪೆ, ಅಲ್ವಾ? ಈಗ ಇನ್ನೊಂದು ಪ್ರಶ್ನೆ. ಹೊಳೆ ಬಂದು ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅಂತಾರೆ. ಅಲ್ಲಿ ನೀರೆಲ್ಲ ಇಳಿದು ಕೆಸರು ಬಯಲಾದಾಗ ನಿಂತು ನೋಡಿದವರು ಎಷ್ಟು ಜನ?

ಮೂರು ಕೈ. ಅದರಲ್ಲಿ ಒಂದು ನಮ್ಮ ಅಪ್ಪಾಜಿಯದು.

ಇವತ್ತು ನಾನು ಹೇಳಬೇಕು ಅಂತಿರುವುದು ಆ ಎರಡನೇ ಪ್ರಶ್ನೆಯ ವಿಷಯ. ನಾವು ಬಯಲುಸೀಮೆಯವರು ಅಷ್ಟು ದೂರ ಹೋಗಿ, ಅಲೆಯಲ್ಲಿ ಕಾಲು ನೆನೆಸಿ, ಗೋಡಂಬಿ ಕೊಂಡು ವಾಪಸ್ ಬರುತ್ತೇವೆ. ಅಲೆಯ ಬೆನ್ನಿಗೇ, ಒಂದೆರಡು ಕಿಲೋಮೀಟರ್ ಒಳಗೆ, ಅಳಿವೆ ಇರುತ್ತದೆ. ಅದನ್ನು ಸೇತುವೆ ಮೇಲಿಂದ ಬಸ್ಸಿನ ಕಿಟಕಿಯಲ್ಲಿ ನೋಡಿ ಮುಂದೆ ಹೋಗುತ್ತೇವೆ. ನಾನೂ ಹಾಗೇ ಹೋದವಳು.

ಮೂರು ವರ್ಷದ ಹಿಂದೆ, ಜನವರಿಯಲ್ಲಿ, ಮನೆಯವರೆಲ್ಲ ಸೇರಿ ಒಂದು ಟಿಟಿ ಮಾಡಿಕೊಂಡು ಹೊರಟಿದ್ದೆವು. ಹೊನ್ನಾಳಿ, ಶಿವಮೊಗ್ಗ, ಸಾಗರ, ಜೋಗ. ಅಲ್ಲಿಂದ ಘಟ್ಟ ಇಳಿದು ಗೇರುಸೊಪ್ಪೆ, ಹೊನ್ನಾವರ. ಪ್ರವಾಸ ಏರ್ಪಾಡು ಮಾಡಿದವರು ಎರಡು ದಿನಕ್ಕೆ ಒಂಬತ್ತು ಜಾಗ ಬರೆದಿದ್ದರು. ಹೊನ್ನಾವರದ ಕಾಂಡ್ಲಾ ಕಾಡಿಗೆ, ಅಂದರೆ ಅಳಿವೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿಗೆ, ಸಿಕ್ಕಿದ್ದು ಹದಿನೈದು ನಿಮಿಷ, ಅದೂ ಮಟಮಟ ಮಧ್ಯಾಹ್ನ. ನೀರು ತುಂಬಿತ್ತು. ಮರದ ಹಲಗೆಯ ದಾರಿ, ಎರಡೂ ಕಡೆ ಹಸಿರು ಎಲೆ, ಕೆಳಗೆ ಬಗ್ಗಡ ನೀರು. ಅಷ್ಟೇ. ನನ್ನ ಮಗ ಕೇಳಿದ, "ಅಮ್ಮ, ಇದು ನಮ್ಮ ಕುಂದವಾಡ ಕೆರೆ ಥರಾನೇ ಇದೆಯಲ್ಲ, ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?"

ನಾನು ವಿಜ್ಞಾನ ಪಾಠ ಮಾಡುವ ಟೀಚರ್. ಅವನಿಗೆ ಏನೇನೋ ಹೇಳಿದೆ. ಆದರೆ ತೋರಿಸಲು ಏನೂ ಇರಲಿಲ್ಲ. ಹೊರಡುವಾಗ ಅಲ್ಲೇ ದೋಣಿ ಕಟ್ಟುತ್ತಿದ್ದ ಒಬ್ಬರು ಹೇಳಿದರು, "ಅಕ್ಕ, ಈಗ ಭರತ. ನೀರು ಇಳಿದ ಮೇಲೆ ಬರ್ಬೇಕಿತ್ತು." ಭರತ ಅಂದರೆ ಉಬ್ಬರ, ಸಮುದ್ರದ ನೀರು ಏರಿರುವ ಹೊತ್ತು. ಟಿಟಿ ಹಾರ್ನ್ ಹೊಡೆಯುತ್ತಿತ್ತು. ಹತ್ತಿ ಹೊರಟೆವು. ಆ ಒಂದು ಮಾತು ಮಾತ್ರ ನನ್ನ ಜೊತೆ ದಾವಣಗೆರೆಗೆ ಬಂತು.

ಕೆರೆಯ ನೀರು ಮಳೆ ಬಂದರೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ವರ್ಷಕ್ಕೆ ಒಂದು ಸಲ. ನಮಗೆ ಗೊತ್ತಿರುವ ನೀರಿನ ಲೆಕ್ಕ ಅದು. ಸಮುದ್ರದ್ದು ಬೇರೆ. ಅದು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಿಗ್ಗೆ 7 ಗಂಟೆಗೆ ಇಳಿತ ಇದ್ದರೆ ನಾಳೆ ಹೆಚ್ಚುಕಡಿಮೆ 7.50ಕ್ಕೆ, ನಾಡಿದ್ದು ಇನ್ನೂ ತಡ. ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನಲ್ಲ, ಅದೇ ಲೆಕ್ಕ. ನೀರನ್ನು ಎಳೆಯುವುದು ಅವನೇ. ಸೂರ್ಯನೂ ಎಳೆಯುತ್ತಾನೆ, ಅವನ ಪಾಲು ಚಂದ್ರನದರ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ಆಗ ಉಬ್ಬರವೂ ದೊಡ್ಡದು, ಇಳಿತವೂ ಆಳದ್ದು. ಅಷ್ಟಮಿ ಹೊತ್ತಿಗೆ ಏರಿಳಿತ ಸಣ್ಣದು.

ಈಗ ನೋಡಿ. ನಮ್ಮೆಲ್ಲರ ಮನೆ ಗೋಡೆಯ ಮೇಲೂ ತಿಥಿ ಇರುವ ಕ್ಯಾಲೆಂಡರ್ ಇದೆ. ಉಪವಾಸ, ಹಬ್ಬ ನೋಡಲು ಇಟ್ಟುಕೊಂಡಿದ್ದೇವೆ. ಅದೇ ಕ್ಯಾಲೆಂಡರ್ ಸಮುದ್ರದ ಲೆಕ್ಕವನ್ನೂ ಹೇಳುತ್ತದೆ. ಪ್ರವಾಸಕ್ಕೆ ದಿನ ಗೊತ್ತು ಮಾಡುವಾಗ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು ನೋಡಿಕೊಳ್ಳಿ. ಗಂಟೆ ನಿಮಿಷ ಬೇಕಾದರೆ ಮೊಬೈಲ್‌ನಲ್ಲಿ ಕಾರವಾರದ ಉಬ್ಬರ-ಇಳಿತದ ಸಮಯ ಅಂತ ಹುಡುಕಿ, ಸಿಗುತ್ತದೆ. ದಿನದ ಎರಡು ಇಳಿತ ಒಂದೇ ಸಮ ಇರುವುದಿಲ್ಲ. ಜಾಸ್ತಿ ಇಳಿಯುವುದು ಯಾವುದು, ಅದು ಬೆಳಕಿರುವಾಗ ಬೀಳುತ್ತದಾ ಅಂತ ನೋಡಿ. ಲಾಡ್ಜ್ ಬುಕ್ ಮಾಡುವುದು ಅದಾದ ಮೇಲೆ. ನಾವು ಯಾವಾಗಲೂ ಇದನ್ನು ಉಲ್ಟಾ ಮಾಡುತ್ತೇವೆ.

ಕಳೆದ ವರ್ಷ ದಸರಾ ರಜೆಗೆ ಹಾಗೇ ಲೆಕ್ಕ ಹಾಕಿ ಮತ್ತೆ ಹೋದೆವು. ಈ ಸಲ ಅಪ್ಪಾಜಿಯೂ ಬಂದರು.

ಹೊನ್ನಾವರದ ಹತ್ತಿರ, ಶರಾವತಿಯ ಅಳಿವೆಯಲ್ಲಿ, ಅರಣ್ಯ ಇಲಾಖೆಯವರು ಕಾಂಡ್ಲಾ ಕಾಡಿನ ಒಳಗೆ ಹಲಗೆಯ ದಾರಿ ಮಾಡಿದ್ದಾರೆ. ನೀರು ಇಳಿದ ಹೊತ್ತಿಗೆ ಹೋಗಿ ನಿಂತೆವು. ಮೊದಲ ಸಲ ಬಂದ ಜಾಗವೇ ಅಂತ ನಂಬಲು ಆಗಲಿಲ್ಲ. ನೀರಿನ ಜಾಗದಲ್ಲಿ ಬರೀ ಕೆಸರು. ಮರಗಳೆಲ್ಲ ಬೇರಿನ ಮೇಲೆ ಎದ್ದು ನಿಂತಿದ್ದವು. ಆಲದ ಮರದ ಬಿಳಲು ನೆಲಕ್ಕೆ ಇಳಿಯುತ್ತವಲ್ಲ, ಹಾಗೆ ಕಾಂಡದ ಮಧ್ಯದಿಂದ ಕಮಾನಿನಂತೆ ಬಾಗಿ ಕೆಸರಿಗೆ ಇಳಿದ ಬೇರು. ಇನ್ನೊಂದು ಜಾತಿಯದು ಅದಕ್ಕೆ ತದ್ವಿರುದ್ಧ. ಅದರ ಬೇರು ಕೆಸರಿನಿಂದ ಮೇಲಕ್ಕೆ ಬರುತ್ತದೆ. ಸಾವಿರಾರು ಪೆನ್ಸಿಲ್ ಚುಚ್ಚಿ ನಿಲ್ಲಿಸಿದ ಹಾಗೆ.

ಮಕ್ಕಳು ಮೂಗು ಮುಚ್ಚಿಕೊಂಡರು. ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆಯಲ್ಲೇ ಉತ್ತರ ಇದೆ. ಈ ಕೆಸರಿನ ಒಳಗೆ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಎಲೆ, ಕಡ್ಡಿ ಕೊಳೆಸುವಾಗ ಹೊರಡುವ ವಾಸನೆ ಅದು. ಗಾಳಿ ಇಲ್ಲದ ಮಣ್ಣಿನಲ್ಲಿ ಬೇರು ಹೇಗೆ ಉಸಿರಾಡಬೇಕು? ಅದಕ್ಕೇ ಮೇಲೆ ಬರುತ್ತದೆ. ಇಳಿತದ ಕೆಲವು ಗಂಟೆ ಈ ಬೇರುಗಳು ಗಾಳಿ ಎಳೆದುಕೊಳ್ಳುತ್ತವೆ. ನಾನು ಹತ್ತು ವರ್ಷ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದ ಪಾಠ. ಕಣ್ಣಾರೆ ನೋಡಿದ್ದು ಅವತ್ತೇ.

ಕಾಂಡ್ಲಾದ ಕಾಯಿ ನೋಡಿ ಅಪ್ಪಾಜಿ, "ಇದೇನವ್ವ, ನುಗ್ಗೆಕಾಯಿ ನೇತಾಡ್ತಿದೆ" ಅಂದರು. ಉದ್ದಕ್ಕೆ, ಹಸಿರಾಗಿ, ಹಾಗೇ ಕಾಣುತ್ತದೆ. ಆದರೆ ಅದು ಬರೀ ಕಾಯಿ ಅಲ್ಲ, ಸಸಿ. ಬೀಜ ತಾಯಿ ಮರದ ಮೇಲೇ ಮೊಳಕೆ ಒಡೆದು, ಗೇಣುದ್ದ ಬೆಳೆದು, ಆಮೇಲೆ ಕಳಚಿ ಬೀಳುತ್ತದೆ. ಕೆಸರು ಬಯಲಾಗಿದ್ದಾಗ ಬಿದ್ದರೆ ಅಲ್ಲೇ ಚುಚ್ಚಿಕೊಂಡು ನಿಲ್ಲಬಹುದು. ನೀರಿದ್ದಾಗ ಬಿದ್ದರೆ ತೇಲಿಕೊಂಡು ಇನ್ನೊಂದು ದಡ ಹುಡುಕುತ್ತದೆ. ಉಪ್ಪು ಕೆಸರಿನಲ್ಲಿ ಸಣ್ಣ ಬೀಜ ಮೊಳೆಯುವುದು ಕಷ್ಟ. ಅದಕ್ಕೆ ತಾಯಿ ಅಷ್ಟು ದೂರ ಸಾಕಿಯೇ ಕಳಿಸುತ್ತದೆ. ಅಪ್ಪಾಜಿ ಅದನ್ನು ಎಷ್ಟು ಹೊತ್ತು ನೋಡಿದರು ಅಂದರೆ ಉಳಿದವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ನಲವತ್ತು ವರ್ಷ ಭತ್ತದ ಮಡಿಯಲ್ಲಿ ಸಸಿ ಮಾಡಿ ನಾಟಿ ಮಾಡಿಸಿದವರು ಅವರು.

ಆಮೇಲೆ ಏಡಿ. ಇದನ್ನು ಸ್ವಲ್ಪ ನಿಧಾನ ಹೇಳುತ್ತೇನೆ. ನಾವು ಮಾತಾಡುತ್ತಾ ಹಲಗೆ ಮೇಲೆ ದಡದಡ ಬಂದಾಗ ಕೆಸರು ಖಾಲಿ ಇತ್ತು. ಬರೀ ಸಣ್ಣ ಸಣ್ಣ ತೂತು, ತೂತಿನ ಸುತ್ತ ರಾಗಿ ಕಾಳಿನಷ್ಟು ದಪ್ಪದ ಮಣ್ಣಿನ ಉಂಡೆಗಳು. ಮಗನಿಗೆ ಹೇಳಿದೆ, ಹತ್ತು ನಿಮಿಷ ಕೂತ್ಕೋ, ಕೈಕಾಲು ಆಡಿಸಬೇಡ. ಮೊದಲ ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ತೂತಿನಿಂದ ಎರಡು ಕಣ್ಣು ಮೇಲೆ ಬಂದವು, ಕಡ್ಡಿಯ ತುದಿಗೆ ಸಾಸಿವೆ ಸಿಕ್ಕಿಸಿದ ಹಾಗೆ. ಆಮೇಲೆ ಪೂರ್ತಿ ಏಡಿ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಒಂದು ಕೈ ಸಣ್ಣದು, ಇನ್ನೊಂದು ಅದರ ಮೈಯಷ್ಟೇ ದೊಡ್ಡದು. ಒಂದು ಬಂತು, ಹತ್ತು ಬಂದವು, ನೋಡುನೋಡುತ್ತಾ ಕೆಸರಿನ ತುಂಬ ಏಡಿ. ಎಲ್ಲವೂ ಆ ದೊಡ್ಡ ಕೈ ಎತ್ತಿ ಬೀಸುತ್ತಿದ್ದವು. "ಅಮ್ಮ, ನಮ್ಮನ್ನ ಬಾ ಬಾ ಅಂತ ಕರೀತಿವೆ" ಅಂದ ಮಗ. ಕರೆಯುವುದು ನಿಜ, ಕರೆಯುವುದು ಹೆಣ್ಣು ಏಡಿಯನ್ನು. ದೊಡ್ಡ ಕೈ ಇರುವುದು ಗಂಡಿಗೆ ಮಾತ್ರ. ಅದು ಕರೆಯಲು ಮತ್ತು ಜಗಳ ಆಡಲು. ಉಣ್ಣಲು ಅದು ಬರುವುದಿಲ್ಲ, ಸಣ್ಣ ಕೈಯಲ್ಲೇ ಕೆಸರು ಎತ್ತಿ ಬಾಯಿಗೆ ಇಡಬೇಕು. ಹೆಣ್ಣಿಗೆ ಎರಡೂ ಕೈ ಸಣ್ಣವು, ಎರಡರಲ್ಲೂ ಉಣ್ಣುತ್ತದೆ. ಕೆಸರಿನಲ್ಲಿ ತಿನ್ನುವುದು ಏನಿದೆಯೋ ಅದನ್ನು ಸೋಸಿಕೊಂಡು ಉಳಿದದ್ದನ್ನು ಉಂಡೆ ಮಾಡಿ ಇಡುತ್ತದೆ. ಆಗಲೇ ನೋಡಿದ ರಾಗಿ ಕಾಳಿನ ಗುಟ್ಟು ಅದು. ಉಬ್ಬರ ಬರುವಷ್ಟರಲ್ಲಿ ಊಟ, ಜಗಳ ಎಲ್ಲ ಮುಗಿಸಿ ಬಿಲ ಸೇರಬೇಕು. ಅವುಗಳ ದಿನ ಸೂರ್ಯನ ದಿನ ಅಲ್ಲ. ನೀರಿನ ದಿನ.

ಹಾಗೇ ಕೆಸರಿನ ಮೇಲೆ ನೆಗೆದು ಓಡಾಡುವ ಮೀನು. ಹೌದು, ಮೀನೇ. ಮುಂದಿನ ಎರಡು ರೆಕ್ಕೆ ಊರಿ ತೆವಳುತ್ತದೆ. ಮೈ ಒದ್ದೆ ಇರುವ ತನಕ ನೀರಿನ ಹೊರಗೂ ಉಸಿರಾಡುತ್ತದೆ. ಇವೆಲ್ಲ ಮೊದಲ ಸಲ ಬಂದಾಗಲೂ ಅಲ್ಲೇ ಇದ್ದವು.

ಈಗ ಅಪ್ಪಾಜಿಯ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಇಲ್ಲಿ ರೈತರ ಮನೆಯವರು ಬಹಳ ಜನ ಇದ್ದೀರಿ. ನಮ್ಮೂರು ಭದ್ರಾ ನಾಲೆಯ ಕೊನೆಯ ಭಾಗದಲ್ಲಿದೆ. ಅಲ್ಲಿ ಒಂದಷ್ಟು ಹೊಲ ಸವಳು ಹಿಡಿದಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಪುಡಿ ಏಳುತ್ತದೆ, ಭತ್ತದ ಸಸಿ ಹಳದಿಯಾಗಿ ಕೂತುಬಿಡುತ್ತದೆ. ಅಂಥ ಮುಕ್ಕಾಲು ಎಕರೆ ಜೊತೆ ಅಪ್ಪಾಜಿ ಇಪ್ಪತ್ತು ವರ್ಷ ಗುದ್ದಾಡಿದ್ದಾರೆ.

ಹೊನ್ನಾವರದಿಂದ ಉತ್ತರಕ್ಕೆ ಹೋದರೆ ಕುಮಟಾ. ಅದನ್ನು ದಾಟಿದರೆ ಅಘನಾಶಿನಿಯ ಅಳಿವೆ. ಅದರ ದಡದಲ್ಲಿ ಮಾಣಿಕಟ್ಟಾ ಅಂತ ಊರು. ಅಲ್ಲಿನ ಗದ್ದೆಗೆ ಗಜನಿ ಅಂತಾರೆ. ಹೊಳೆಯ ಉಪ್ಪುನೀರು ಒಳಗೆ ಬರುವಂಥ ಗದ್ದೆ. ಅಪ್ಪಾಜಿ ಗದ್ದೆಯ ಅಂಚಿನಲ್ಲಿ ಕೂತು, ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ಎದುರಿಗೆ ನೋಡಿದರು. ಎದೆ ಎತ್ತರಕ್ಕೆ ಭತ್ತ ನಿಂತಿತ್ತು. ತೆನೆ ಬಲಿತು ಬಾಗಿತ್ತು.

"ಈ ಸವಳಿನಾಗೆ ಭತ್ತ ಹೆಂಗ್ರೀ?" ಅಂತ ಅಲ್ಲಿದ್ದ ರೈತರನ್ನು ಕೇಳಿದರು.

"ಇದು ಕಗ್ಗ ಮಾರಾಯ್ರೇ" ಅಂದರು ಅವರು. ಅಷ್ಟೇ ಉತ್ತರ, ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವೇ ಇಲ್ಲ ಅನ್ನುವ ಹಾಗೆ.

ಕಗ್ಗ ಅಂದರೆ ಆ ಭತ್ತದ ಹೆಸರು. ಉಪ್ಪನ್ನು ತಡೆಯುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಮಳೆಗಾಲದಲ್ಲಿ ಸಿಹಿನೀರು ಬಂದು ಉಪ್ಪು ತೆಳುವಾದಾಗ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಕೊಯ್ಲು ಮುಗಿದ ಮೇಲೆ ತೂಬು ತೆಗೆದು ಹೊಳೆನೀರು ಒಳಗೆ ಬಿಡುತ್ತಾರೆ. ಉಬ್ಬರದ ಜೊತೆ ಸಿಗಡಿ ಮರಿ, ಮೀನು ಮರಿ ಬರುತ್ತವೆ. ಉಳಿದ ಭತ್ತದ ಕೂಳೆ ಕೊಳೆತು ಅವಕ್ಕೆ ಆಹಾರ. ಬೇಸಿಗೆ ಮುಗಿಯುವ ತನಕ ಅದೇ ಗದ್ದೆಯಲ್ಲಿ ಮೀನು. ತೂಬು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಅನ್ನುವುದೆಲ್ಲ ಉಬ್ಬರ-ಇಳಿತದ ಲೆಕ್ಕ. ಈಗ ಕಗ್ಗ ಬೆಳೆಯುವವರು ಕಡಿಮೆ ಆಗಿದ್ದಾರೆ. ಸಿಗಡಿಯಲ್ಲಿ ದುಡ್ಡು ಜಾಸ್ತಿ, ಕೊಯ್ಲಿಗೆ ಆಳು ಸಿಗುವುದಿಲ್ಲ. ಕಟ್ಟೆಯನ್ನು ಎಲ್ಲರೂ ಸೇರಿ ಕಾಯಬೇಕು, ಒಬ್ಬರು ಬಿಟ್ಟರೆ ಎಲ್ಲರ ಗದ್ದೆಗೂ ನೀರು. ಅಪ್ಪಾಜಿ ತಲೆ ಆಡಿಸಿದರು. ಕೆರೆ, ನಾಲೆ ಕಂಡವರಿಗೆ ಇದು ಹೊಸ ಕಥೆ ಅಲ್ಲ.

ನಮ್ಮ ಹೊಲದ ಸವಳು ಮತ್ತು ಅಲ್ಲಿನ ಕಡಲ ಉಪ್ಪು ಪೂರ್ತಿ ಒಂದೇ ಅಲ್ಲ. ಅದನ್ನೂ ಹೇಳಿಬಿಡಬೇಕು. ಕಗ್ಗ ತಂದು ಇಲ್ಲಿ ಬಿತ್ತಿಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತು ವರ್ಷ ಉಪ್ಪನ್ನು ಶತ್ರು ಅಂತಲೇ ನೋಡಿದ ಮನುಷ್ಯ ಅವತ್ತು ಅರ್ಧ ದಿನ ಆ ಅಂಚಿನಲ್ಲಿ ಕೂತಿದ್ದರು. ಅದು ನನಗೆ ಬಹಳ ದೊಡ್ಡದು.

ಅಲ್ಲೇ ಹೊಳೆಯ ನಡುವೆ, ಸೊಂಟದ ತನಕ ನೀರಿನಲ್ಲಿ, ಹೆಂಗಸರು ಚಿಪ್ಪಿ ಆಯುತ್ತಿದ್ದರು. ಬಳಚು ಅಂತಾರೆ. ಇಳಿತದ ಆ ಮೂರ್ನಾಲ್ಕು ಗಂಟೆಯೇ ಅವರ ಕೂಲಿಯ ಹೊತ್ತು. ಕಾಲಿನಲ್ಲೇ ತಡಕಿ ಎಲ್ಲಿದೆ ಅಂತ ಗೊತ್ತು ಮಾಡಿಕೊಳ್ಳುತ್ತಾರೆ. ಈ ಅಳಿವೆಯನ್ನು ನಂಬಿಕೊಂಡಿರುವ ಕುಟುಂಬಗಳು ಆರೇಳು ಸಾವಿರ. ಮೀನು, ಬಳಚು, ಏಡಿ, ಭತ್ತ, ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪು, ಎಲ್ಲ ಸೇರಿ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದರು. ಲೋಕದಲ್ಲೆಲ್ಲ ಬೆಲೆ ಇರುವ ಜೌಗು ಪ್ರದೇಶ ಅಂತ ಗುರುತಿಸುವ ಪಟ್ಟಿ ಅದು. ವಿಸ್ತೀರ್ಣ 4,801 ಹೆಕ್ಟೇರ್.

ಶರಾವತಿ, ಅಘನಾಶಿನಿ ಎರಡೂ ಅಕ್ಕಪಕ್ಕದ ಹೊಳೆ. ಒಂದೇ ಘಟ್ಟ, ಒಂದೇ ಸಮುದ್ರ. ಆದರೆ ಬಳಚು ಅಘನಾಶಿನಿಯಲ್ಲಿ ಅಷ್ಟು, ಶರಾವತಿಯಲ್ಲಿ ಬಹಳ ಕಡಿಮೆ. ಯಾಕೆ? ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ ಸಮುದ್ರದ ತನಕ ಒಂದೂ ದೊಡ್ಡ ಅಣೆಕಟ್ಟು ಇಲ್ಲದೆ ಹರಿಯುತ್ತದೆ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಆ ಏರುಪೇರಿಗೆ ಅಲ್ಲಿನ ಜೀವಗಳು ಹೊಂದಿಕೊಂಡಿವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯದು. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್, ಗೇರುಸೊಪ್ಪೆ 240. ಕರೆಂಟ್ ಮಾಡಿದ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತಲೇ ಇರುತ್ತದೆ. ಅಳಿವೆಗೆ ಬೇಸಿಗೆಯ ಉಪ್ಪು ಬರಬೇಕಾದ ಹೊತ್ತಲ್ಲೂ ಸಿಹಿನೀರು. ಉಪ್ಪು ಬೇಕಾದ ಚಿಪ್ಪಿಗಳು ಅಲ್ಲಿಂದ ಹಿಂದೆ ಸರಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಎರಡೂ ಅಳಿವೆಗಳನ್ನು ಅಭ್ಯಾಸ ಮಾಡಿ ಇದನ್ನು ತೋರಿಸಿದ್ದಾರೆ.

ಈ ಸಭಾಂಗಣದ ಫ್ಯಾನ್ ತಿರುಗುತ್ತಿದೆ. ಆ ಕರೆಂಟ್‌ನಲ್ಲಿ ಶರಾವತಿಯ ಪಾಲೂ ಇರಬಹುದು. ನಾನು ಯಾರನ್ನೂ ದೂರುತ್ತಿಲ್ಲ, ನಮ್ಮೂರಿಗೆ ಬೆಳಕು ಬೇಡ ಅನ್ನುತ್ತಲೂ ಇಲ್ಲ. ನಮ್ಮ ತುಂಗಭದ್ರೆ ಹರಿಹರ ದಾಟಿ ಪೂರ್ವಕ್ಕೆ ಹೋಗುತ್ತದೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಪಶ್ಚಿಮದ ಕಡಲಿಗೂ ನಮಗೂ ನಂಟಿಲ್ಲ ಅಂತ ನಾನು ಅಂದುಕೊಂಡಿದ್ದೆ. ನಂಟು ತಂತಿಯಲ್ಲಿ ಇತ್ತು.

ಹೊನ್ನಾವರದ ಹತ್ತಿರ ಇನ್ನೂ ಎರಡು ಜಾಗ ಹೇಳಿ ಮುಂದೆ ಹೋಗುತ್ತೇನೆ. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಶುಚಿಯಾದ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಅದು. ಶುಚಿಯಾಗಿದೆ, ಮಕ್ಕಳನ್ನು ನೀರಿಗೆ ಬಿಡಬಹುದು. ಇನ್ನೊಂದು ಅದರ ಹತ್ತಿರದ ಅಪ್ಸರಕೊಂಡ. ಅಪ್ಸರಕೊಂಡ-ಮುಗಳಿ ನಮ್ಮ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ. ಈ ಕರಾವಳಿಗೆ ಚಳಿಗಾಲದಿಂದ ಬೇಸಿಗೆ ಶುರುವಿನ ತನಕ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆ. ಮರಿಗಳು ರಾತ್ರಿ ಹೊರಗೆ ಬಂದು ಬೆಳಕಿರುವ ಕಡೆ, ಅಂದರೆ ಸಮುದ್ರದ ಕಡೆ ಓಡುತ್ತವೆ. ನಮ್ಮ ಟಾರ್ಚು, ಮೊಬೈಲ್ ಲೈಟು ಇದ್ದರೆ ದಾರಿ ತಪ್ಪುತ್ತವೆ. ದಯವಿಟ್ಟು ರಾತ್ರಿ ದಂಡೆ ಮೇಲೆ ಲೈಟ್ ಹಾಕಬೇಡಿ. ಇದನ್ನು ಮಕ್ಕಳಿಗೆ ಒಂದು ಸಲ ಹೇಳಿದರೆ ಸಾಕು, ಅವರೇ ನಮಗೆ ಹತ್ತು ಸಲ ನೆನಪು ಮಾಡುತ್ತಾರೆ.

ಬ್ಯಾಗಿನಲ್ಲಿ ನಾವೆಲ್ಲ ಮಂಡಕ್ಕಿ ಕಟ್ಟಿಕೊಂಡೇ ಹೊರಡುತ್ತೇವೆ. ಅದನ್ನು ತಿನ್ನುವುದು ಗಾಡಿಯಲ್ಲಿ, ಹಲಗೆ ದಾರಿಯ ಮೇಲೆ ಬೇಡ. ಅಲ್ಲಿ ಬಿದ್ದ ಪ್ಲಾಸ್ಟಿಕ್ ಕವರ್ ಉಬ್ಬರಕ್ಕೆ ತೇಲಿ ಆ ಉಸಿರಾಡುವ ಬೇರಿಗೆ ಸುತ್ತಿಕೊಳ್ಳುತ್ತದೆ. ನಾನೇ ಒಂದನ್ನು ಬಿಡಿಸಲು ಹೋಗಿ ಸಾಕಾಯಿತು, ಕೈಗೆ ಸಿಗುವುದಿಲ್ಲ. ಬರಿಗಾಲಲ್ಲಿ ಇಳಿಯಬೇಡಿ, ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಆಗಾಗ ನೀರಿನ ಕಡೆ ಕಣ್ಣಿರಲಿ, ಉಬ್ಬರ ಸದ್ದು ಮಾಡದೆ ಬರುತ್ತದೆ. ಊರಿನವರು ಸಾಕು ಬನ್ನಿ ಅಂದರೆ ತಕ್ಷಣ ಬಂದುಬಿಡಿ.

ಮಾತಿನ ನಡುವೆ ಒಬ್ಬ ಹಿರಿಯರು ಕೇಳಿದರು, "ಅಷ್ಟು ದೂರ ಹೋಗೋಕೆ ಆಗದವರು ಏನು ಮಾಡ್ಬೇಕಮ್ಮ?" ಒಳ್ಳೆಯ ಪ್ರಶ್ನೆ. ಅಘನಾಶಿನಿ ಜೊತೆಗೇ ಅದೇ ದಿನ ರಾಮ್ಸರ್ ಪಟ್ಟಿಗೆ ಸೇರಿದ ಇನ್ನೊಂದು ಜಾಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ನಮ್ಮಿಂದ ಹರಪನಹಳ್ಳಿ ದಾಟಿ ಹೋದರೆ ಆಯಿತು. ಕೆರೆಯೊಳಗೆ ಜಾಲಿ ಮರಗಳು, ಮರದ ತುಂಬ ಕೊಕ್ಕರೆ ಗೂಡು. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನಕ್ಕೆ ಹೋಗಿ ಬರಬಹುದು.

ಇನ್ನೊಬ್ಬ ಹೆಣ್ಣುಮಗಳು ಕೇಳಿದಳು, "ಟೀಚರ್, ಡಿಸೆಂಬರ್‌ನಲ್ಲಿ ಯಾವತ್ತು ಹೋಗ್ಬೇಕು?" ಅವಳೇ ಎದ್ದು ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಬಂದಳು. ಮೇಜಿನ ಮೇಲಿಟ್ಟು ಎಲ್ಲರೂ ಬಗ್ಗಿ ನೋಡಿದೆವು. ಹುಣ್ಣಿಮೆಯ ಪಕ್ಕದಲ್ಲೇ ಒಂದು ಶನಿವಾರ ಬಿದ್ದಿದೆ. ಮೊಬೈಲ್‌ನಲ್ಲಿ ಇಳಿತದ ಸಮಯ ನೋಡಿಕೊಂಡು, ದಾವಣಗೆರೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕಿದೆವು. ಟಿಟಿಯಲ್ಲಿ ಹನ್ನೆರಡು ಸೀಟು. ಚಹಾ ಮುಗಿಯುವಷ್ಟರಲ್ಲಿ ಏಳು ಹೆಸರು ಬಂದವು. ಅಪ್ಪಾಜಿ ತಮ್ಮದನ್ನೂ ಬರೆಸಿದರು. ಒಂದೇ ಷರತ್ತು ಹಾಕಿದ್ದಾರೆ. ಆ ಹೊತ್ತಿಗೆ ಕೊಯ್ಲು ಮುಗಿದು ಗಜನಿಗೆ ಹೊಳೆನೀರು ಬಿಟ್ಟಿರುತ್ತಾರಲ್ಲ, ಮಾಣಿಕಟ್ಟಾದ ಆ ತೂಬಿನ ಹತ್ತಿರ ಒಂದು ಪೂರ್ತಿ ಉಬ್ಬರ, ಒಂದು ಪೂರ್ತಿ ಇಳಿತ ಕೂತು ನೋಡಬೇಕಂತೆ.